ಗಾಡಿಗೊಂದು ಪರದೆ

“ಅತ್ತೆ, ಇದು ಯಾರ ಮಗು?”

ಸೊಸೆ ಜೋರಾಗಿ ಕೇಳಲಿಲ್ಲ. ಮಗುವಿನ ಗಾಡಿಯ ಪರದೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹಾಲು ಒಡೆದಿದೆಯಾ ಎಂದು ವಿಚಾರಿಸುವವಳ ಧ್ವನಿಯಲ್ಲಿ ಕೇಳಿದಳು. ಟೈಲರಮ್ಮ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿದ್ದರು. ತಮಾಷೆ ಎಂದುಕೊಂಡರು.

“ನಿನ್ನದೇ ಕಣಮ್ಮ. ಈ ವಯಸ್ಸಲ್ಲಿ ನನಗ್ಯಾರು ಕೊಡ್ತಾರೆ?”

“ಅತ್ತೆ, ಬಂದು ನೋಡಿ.”

ನೋಡಿದರು. ಗುಂಡನೆಯ ಮುಖ, ನೆತ್ತಿಯ ಮೇಲೆ ಎದ್ದು ನಿಂತ ಒಂದು ಕುಚ್ಚು ಕೂದಲು, ಬಾಯಲ್ಲಿ ಹೆಬ್ಬೆರಳು. ಅವರ ಪುಟ್ಟಿಯ ತಲೆಯಲ್ಲಿ ಇನ್ನೂ ಹೇಳಿಕೊಳ್ಳುವಷ್ಟು ಕೂದಲೇ ಇಲ್ಲ. ಪುಟ್ಟಿ ಬೆರಳು ಚೀಪುವವಳೂ ಅಲ್ಲ. ಟೈಲರಮ್ಮ ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದರು, ಇನ್ನೊಂದು ಕಾಲಿನಲ್ಲಿ ಚಪ್ಪಲಿ ಹಾಗೇ ಇತ್ತು. ಹಾಗೇ ನಿಂತರು. ಮಗು ನಿದ್ದೆಯಲ್ಲೇ ಬೆರಳನ್ನು ಒಂದು ಸಲ ಚಪ್ಪರಿಸಿತು.

“ಕಂಡಕ್ಟರ ಮೊಮ್ಮಗ,” ಎಂದರು ಕೊನೆಗೆ. “ಗುಂಡ.”

“ಪುಟ್ಟಿ ಎಲ್ಲಿ?”

ಟೈಲರಮ್ಮನ ಕೈ ಗಾಡಿಯ ಹಿಡಿಗೆ ಹೋಯಿತು.

ಆ ಗಾಡಿಯನ್ನು ಆರಿಸಿದ್ದು ಅವರೇ. ಸೊಸೆಯ ಜೊತೆ ಅಂಗಡಿಗೆ ಹೋಗುವಾಗ ಪುಟ್ಟಿಯ ತೂಕದಷ್ಟೇ ಹಿಟ್ಟು ತುಂಬಿದ ಚೀಲವೊಂದನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಿದ್ದರು. ಅಂಗಡಿಯವನು, “ಅಮ್ಮ, ಇದೇನು?” ಎಂದ. “ಮಗು ಮನೇಲಿ ಅಪ್ಪನ ಹತ್ತಿರ ಮಲಗಿದೆ, ಅದಕ್ಕೇ ಅದರ ತೂಕ ಮಾತ್ರ ತಂದಿದೀನಿ,” ಎಂದರು. ಸೊಸೆಗೆ ಇಷ್ಟವಾಗಿದ್ದು ದೊಡ್ಡ ಚಕ್ರದ ಕೆಂಪು ಗಾಡಿ. ಟೈಲರಮ್ಮ ಹಿಟ್ಟಿನ ಚೀಲವನ್ನು ಅದರಲ್ಲಿ ಕೂರಿಸಿ, ಬೆಲ್ಟು ಹಾಕಿ, ಅಂಗಡಿಯ ಮೆಟ್ಟಿಲಿನಿಂದ ಫುಟ್‌ಪಾತಿಗೆ ಇಳಿಸಿದರು. ಗಾಡಿ ಮುಂದಕ್ಕೆ ವಾಲಿತು, ಬೆಲ್ಟಿನ ಸಂದಿಯಿಂದ ಚೀಲ ನುಸುಳಿ ಮೆಟ್ಟಿಲ ಮೇಲೆ ಬೋರಲು ಬಿತ್ತು. ಮೂಲೆ ಒಡೆದು ಒಂದು ಹಿಡಿ ಹಿಟ್ಟು ಚೆಲ್ಲಿತು. ಸೊಸೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹಿಟ್ಟು ಎಂದು ಗೊತ್ತಿದ್ದೂ ಟೈಲರಮ್ಮ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ತಟ್ಟಿದರು.

ಬೂದು ಬಣ್ಣದ ಗಾಡಿ ಮಾತ್ರ ಅಲುಗಾಡದೆ ಇಳಿಯಿತು. ಮನೆಗೆ ಅದೇ ಬಂತು.

ಮನೆಯಲ್ಲೇ ಕಿಟಕಿ ಪರದೆ, ಕುರ್ಚಿ ಕವರು, ದಿಂಬು ಹೊಲಿದುಕೊಂಡು ಬಂದವರು ಟೈಲರಮ್ಮ. ಬರಿಯ ಗಾಡಿಯನ್ನು ನೋಡಿದರೆ ಅವರ ಕೈ ಸುಮ್ಮನಿರುತ್ತದೆಯೇ? ಯಾರದೋ ಪರದೆ ಆರ್ಡರಿನಲ್ಲಿ ಉಳಿದಿದ್ದ ನೀಲಿ ಪಟ್ಟೆಯ ಹತ್ತಿ ಬಟ್ಟೆ ಇತ್ತು. ಬೆನ್ನಿಗೊಂದು ಮೆತ್ತೆ, ಹಿಡಿಗೊಂದು ಕವಚ, ಕೆಳಗೆ ತೂಗುವ ಚೀಲ ಹೊಲಿದರು. ಕೊನೆಯಲ್ಲಿ ಮುಂದುಗಡೆ ಇಳಿಬಿಡುವ ಪರದೆ. ಪಕ್ಕದಲ್ಲಿ ಗಾಳಿಗೆ ಬೇಕಾದಷ್ಟು ಸಂದು ಬಿಟ್ಟಿದ್ದರು, ಅದರಲ್ಲೇನೂ ತಪ್ಪಿರಲಿಲ್ಲ.

“ಅತ್ತೆ, ಮುಖ ಕಾಣಲ್ವಲ್ಲ,” ಎಂದಿದ್ದಳು ಸೊಸೆ.

“ಮಲಗಿರೋ ಮಗು ಮುಖದಲ್ಲಿ ಏನು ಸಿನಿಮಾ ನಡೀತಿರುತ್ತೆ? ನೊಣ ಬರದಿದ್ರೆ ಸಾಕು.”

ಪಾರ್ಕಿನ ಬೆಂಚಿನ ಗೆಳೆಯರಾದ ಕಂಡಕ್ಟರು ಇದನ್ನು ನೋಡಿ, ಮೊಮ್ಮಗನಿಗೆ ಅದೇ ಬೂದು ಗಾಡಿ ಕೊಂಡರು. ಬಸ್ಸಿನಲ್ಲಿ ಸೀಟಿ ಊದಿ ಊದಿ ನಿವೃತ್ತರಾದವರು ಅವರು. “ಟೈಲರಮ್ಮ ಆರಿಸಿದ ಮೇಲೆ ನಾನ್ಯಾಕೆ ತಲೆ ಓಡಿಸಲಿ? ಹೊಲಿಗೇನೂ ಹಾಗೇ ಇರಲಿ, ಒಂದಿಂಚು ಆಚೀಚೆ ಆಗಬಾರದು,” ಎಂದರು. ಬಟ್ಟೆಯೂ ಉಳಿದಿತ್ತು. ಟೈಲರಮ್ಮ ಒಂದಿಂಚೂ ಆಚೀಚೆ ಮಾಡಲಿಲ್ಲ.

ಇವತ್ತು ಪರೀಕ್ಷೆಯ ದಿನ. ನಾಳೆಯಿಂದ ಸೊಸೆ ಮತ್ತೆ ಕೆಲಸಕ್ಕೆ. ಪುಟ್ಟಿಯನ್ನು ಬೇಬಿ ಸಿಟ್ಟಿಂಗಿಗೆ ಬಿಡುವುದೋ ಅತ್ತೆಯ ಹತ್ತಿರವೋ ಎಂದು ಮನೆಯಲ್ಲಿ ಬಹಳ ದಿನ ಮಾತಾಗಿತ್ತು. ಅಲ್ಲಿಯವರು ಇವತ್ತು ಸಂಜೆಯವರೆಗೆ ಸೀಟು ಹಿಡಿದಿಟ್ಟಿದ್ದರು. “ನಾನು ಇವತ್ತು ಆಫೀಸಿಗೆ ಹೋಗಿ ಸೇರೋ ಕಾಗದ ಕೊಟ್ಟು ಮಧ್ಯಾಹ್ನಕ್ಕೆ ಬಂದುಬಿಡ್ತೀನಿ. ಅಷ್ಟು ಹೊತ್ತು ನೀವಿಬ್ಬರೇ. ಹೇಗಾಗುತ್ತೋ ನೋಡೋಣ,” ಎಂದು ಸೊಸೆ ಹೊರಟಿದ್ದಳು. “ನಿನ್ನ ಗಂಡನ್ನ ಬೆಳೆಸಿದ್ದು ಯಾರು ಅಂದ್ಕೊಂಡಿದೀಯ?” ಎಂದು ಟೈಲರಮ್ಮ ಬೀಗಿದ್ದರು.

ಪಾರ್ಕಿನಲ್ಲಿ ಎರಡೂ ಮಕ್ಕಳು ಮಲಗಿದ್ದವು. ಪರದೆ ಮಾಡಿಸಬೇಕಾಗಿದ್ದ ಯಾರೋ ಗೇಟಿನ ಬಳಿಯಿಂದ ಟೈಲರಮ್ಮನನ್ನು ಕರೆದರು. “ಹೋಗಿ ಬನ್ನಿ, ನಾನಿದೀನಲ್ಲ,” ಎಂದರು ಕಂಡಕ್ಟರು. ಬಿಸಿಲು ಸರಿಯಿತು. ಕಂಡಕ್ಟರು ಒಳ್ಳೆಯ ಮನಸ್ಸಿನಿಂದ ಎರಡೂ ಗಾಡಿಗಳನ್ನು ನೆರಳಿಗೆ ತಳ್ಳಿದರು. ತಳ್ಳುವಾಗ ಈ ತುದಿಯದು ಆ ತುದಿಗೆ, ಆ ತುದಿಯದು ಈ ತುದಿಗೆ ಹೋಯಿತು.

ಟೈಲರಮ್ಮ ಹಿಂದಿರುಗಿ, ಎಂದಿನಂತೆ ಬೆಂಚಿನ ಈ ತುದಿಯ ಗಾಡಿಗೆ ಕೈ ಹಾಕಿದರು. ಹಾಗಂತ ಕುರುಡಾಗಿ ಹೊರಡಲಿಲ್ಲ. ಪರದೆ ಎತ್ತಿದರೆ ಮಗು ಎದ್ದೀತು ಎಂದು ಅದರ ಮೂಲೆಯನ್ನು ಬೆರಳಲ್ಲಿ ಸವರಿದರು. ಬಟ್ಟೆ ಹರಿಯದಿರಲಿ ಎಂದು ಮೂಲೆಗೆ ತ್ರಿಕೋನವಾಗಿ ಜೋಡಿ ಹೊಲಿಗೆ ಹಾಕುವುದು ಅವರ ಪದ್ಧತಿ, ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಬೆರಳಿಗೆ ತ್ರಿಕೋನ ಸಿಕ್ಕಿತು. ನನ್ನ ಕೈ ಹೊಲಿಗೆ, ನನ್ನ ಗಾಡಿ ಎಂದು ನಿಶ್ಚಿಂತೆಯಿಂದ ಹೊರಟರು. ದಾರಿಯಲ್ಲಿ ಒಂದು ಚಕ್ರ ಕೀರೆಂದಿತು. ಮನೆಗೆ ಹೋಗಿ ಮೆಷಿನ್ ಎಣ್ಣೆ ಬಿಡಬೇಕು ಎಂದುಕೊಂಡರು, ಅಷ್ಟೆ.

“ಪುಟ್ಟಿ ಎಲ್ಲಿ ಅಂದೆ,” ಎಂದಳು ಸೊಸೆ.

“ಪಾರ್ಕಲ್ಲಿ. ಕಂಡಕ್ಟರ ಹತ್ತಿರ. ಇರಬೇಕು.”

ಆ ‘ಇರಬೇಕು’ ಕೇಳಿದ್ದೇ ತಡ, ಸೊಸೆ ಓಡಿದಳು. ಚಪ್ಪಲಿಯನ್ನೂ ಮೆಟ್ಟಲಿಲ್ಲ, ಬಾಗಿಲು ಹಾಕುವುದಂತೂ ದೂರವೇ ಉಳಿಯಿತು. ಟೈಲರಮ್ಮನ ಜೀವವೂ ಅವಳ ಹಿಂದೆಯೇ ಓಡಿತು, ಆದರೆ ಕೈಯಲ್ಲಿ ಗಾಡಿ ಇತ್ತು, ಗಾಡಿಯಲ್ಲಿ ಇನ್ನೊಬ್ಬರ ಮಗು ಇತ್ತು. ಅದನ್ನು ಬಿಟ್ಟು ಹೋಗುವ ಹಾಗಿಲ್ಲ, ಧಡಬಡ ಕುಲುಕಿಸಿಕೊಂಡು ಓಡುವ ಹಾಗೂ ಇಲ್ಲ. ಫುಟ್‌ಪಾತು ಮುಗಿದಲ್ಲೆಲ್ಲ ನಿಂತು, ಹಿಡಿ ಒತ್ತಿ, ಮುಂದಿನ ಚಕ್ರ ಎತ್ತಿ, ಮೆಲ್ಲಗೆ ಇಳಿಸಿ ಮತ್ತೆ ನಡೆದರು. ಅಂಗಡಿಯ ಮೆಟ್ಟಿಲ ಮೇಲೆ ಬೋರಲು ಬಿದ್ದ ಹಿಟ್ಟಿನ ಚೀಲ ಪ್ರತಿ ಸಲವೂ ಕಣ್ಣಿಗೆ ಬಂತು. ಬೇಡವೆಂದರೂ ಬಂತು.

ಬೀದಿಯ ತಿರುವಿನಲ್ಲಿ ಸೊಸೆ ಒಮ್ಮೆ ಹಿಂದಿರುಗಿ ನೋಡಿದಳು. ಆಮೇಲೆ ಕಾಣಲಿಲ್ಲ.

ಟೈಲರಮ್ಮ ಪಾರ್ಕು ಮುಟ್ಟುವ ಹೊತ್ತಿಗೆ ಸೊಸೆ ಗೇಟಿನಿಂದ ಹೊರಗೆ ಬರುತ್ತಿದ್ದಳು, ಕೈ ಖಾಲಿ. ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು.

“ಬೆಂಚಲ್ಲಿ ಯಾರೂ ಇಲ್ಲ ಅತ್ತೆ.”

ಟೈಲರಮ್ಮ ಗಾಡಿಯ ಹಿಡಿಯನ್ನೇ ಆತುಕೊಂಡು ನಿಂತರು. ಕಂಡಕ್ಟರ ಮನೆ ದೊಡ್ಡ ರಸ್ತೆಯ ಆಚೆ. ಆ ರಸ್ತೆಯಲ್ಲಿ ಲಾರಿಗಳು. ಮನುಷ್ಯನಿಗೆ ಒಂದು ಕಣ್ಣಿನ ಆಪರೇಷನ್ ಆಗಿದೆ, ಇನ್ನೊಂದರದು ಬಾಕಿ, ಜೇಬಿನಲ್ಲಿ ಫೋನೂ ಇರುವುದಿಲ್ಲ. ಇವೆಲ್ಲ ಒಟ್ಟಿಗೇ ನೆನಪಾದವು.

“ದೊಡ್ಡ ರಸ್ತೆ ಕಡೆ,” ಎಂದರು. “ನೀನು ಮುಂದೆ ಹೋಗು. ನನ್ನನ್ನ ಕಾಯಬೇಡ.”

ದೊಡ್ಡ ರಸ್ತೆ ಸಿಗುವುದಕ್ಕೆ ಮೊದಲು ಒಂದು ಬೇಕರಿ. ಅದರ ಮುಂದಿನ ಬೆಂಚಿನಲ್ಲಿ ಕಂಡಕ್ಟರು ಕಾಲ ಮೇಲೆ ಕಾಲು ಹಾಕಿಕೊಂಡು ಬನ್ನು ತಿನ್ನುತ್ತಿದ್ದರು. ಪಕ್ಕದಲ್ಲಿ ನೀಲಿ ಪಟ್ಟೆಯ ಗಾಡಿ. ಇನ್ನೊಂದು ಕೈ ಅದನ್ನು ಜಗಿಯುವ ತಾಳಕ್ಕೆ ತಕ್ಕಂತೆ ತೂಗುತ್ತಿತ್ತು.

ಸೊಸೆ ಹೋಗಿ ಪರದೆಯನ್ನು ಸರಕ್ಕನೆ ಎತ್ತಿದಳು.

“ಮೆಲ್ಲಗಮ್ಮ, ನಮ್ಮ ಗುಂಡ ಈಗ ತಾನೇ…” ಎಂದರು ಕಂಡಕ್ಟರು.

ಒಳಗೆ ಪುಟ್ಟಿ ಎಚ್ಚರವಾಗಿದ್ದಳು. ಪರದೆಯ ಅಂಚನ್ನು ಜಗಿದು ಜಗಿದು ಒದ್ದೆ ಮಾಡಿದ್ದಳು. ಅಮ್ಮನನ್ನು ಕಂಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

ಕಂಡಕ್ಟರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಬನ್ನು ಕೈಯಿಂದ ಜಾರಿತು. ಅಷ್ಟು ಹೊತ್ತಿಗೆ ಟೈಲರಮ್ಮ ಏದುಸಿರು ಬಿಡುತ್ತ ಇನ್ನೊಂದು ಗಾಡಿಯನ್ನು ತಂದು ಅವರ ಮುಂದೆ ನಿಲ್ಲಿಸಿ ಪರದೆ ಎತ್ತಿದರು. ಗುಂಡ ಇನ್ನೂ ನಿದ್ದೆಯಲ್ಲೇ ಇದ್ದ.

ಸೊಸೆ ಮಗುವನ್ನು ಎತ್ತಿಕೊಂಡು ಬೇಕರಿಯ ಮೆಟ್ಟಿಲ ಮೇಲೆ ಕುಸಿದಳು. ಅಳು ಈಗ ಬಂತು.

“ಸರ್ವಿಸಿನ ಉದ್ದಕ್ಕೂ ಹತ್ತಿದವರು ಇಳಿದವರು ಒಬ್ಬರೂ ಲೆಕ್ಕ ತಪ್ಪಿರಲಿಲ್ಲ,” ಎಂದರು ಕಂಡಕ್ಟರು. “ಇವತ್ತು ಇದ್ದಿದ್ದೇ ಇಬ್ಬರು ಪ್ಯಾಸೆಂಜರು.”

“ನನ್ನದೂ ಅದೇ ಕಥೆ,” ಎಂದರು ಟೈಲರಮ್ಮ. “ಹೊಲಿಗೆ ನೋಡಿದೆ, ಮಗು ನೋಡಲಿಲ್ಲ.”

“ನಮ್ಮ ಸೊಸೆಗೆ ಹೇಳದೇ ಇದ್ರೆ…” ಎಂದು ಕಂಡಕ್ಟರು ಅರ್ಧಕ್ಕೆ ನಿಲ್ಲಿಸಿದರು.

“ನಿಮ್ಮ ಮನೆ ವಿಷಯ ನಿಮಗೆ ಬಿಟ್ಟಿದ್ದು. ನಮ್ಮ ಸೊಸೆ ಇಲ್ಲೇ ಕೂತಿದಾಳೆ. ನನಗೆ ಆ ಅನುಕೂಲ ಇಲ್ಲ.”

ಮನೆಗೆ ಬರುವಾಗ ಸೊಸೆ ಪುಟ್ಟಿಯನ್ನು ಎದೆಗೆ ಅವಚಿಕೊಂಡೇ ನಡೆದಳು. ಟೈಲರಮ್ಮ ಖಾಲಿ ಗಾಡಿ ತಳ್ಳಿಕೊಂಡು ಹಿಂದೆ ಬಂದರು. ಸಂಜೆಯವರೆಗೆ ಸೊಸೆ ಪುಟ್ಟಿಯನ್ನು ಮಡಿಲಿನಿಂದ ಇಳಿಸಲಿಲ್ಲ. ಟೈಲರಮ್ಮ ಮೆಷಿನ್ ಮುಂದೆ ಕೂತರು, ದಾರ ಪೋಣಿಸಿದರು, ಒಂದು ಹೊಲಿಗೆಯೂ ಹಾಕಲಿಲ್ಲ.

ಫೋನು ಬಂತು. ಬೇಬಿ ಸಿಟ್ಟಿಂಗಿನವರದು. ಸೊಸೆ ಫೋನಿನಲ್ಲಿ ಮೂಡಿದ ಹೆಸರನ್ನು ನೋಡುತ್ತ ಕೂತಳು, ಎತ್ತಲಿಲ್ಲ.

“ಸೀಟು ಬಿಡಬೇಡ,” ಎಂದರು ಟೈಲರಮ್ಮ. “ನನ್ನ ಮುಖ ನೋಡಿ ಬಿಡಬೇಡ. ಬೆಳಿಗ್ಗೆ ಆಡಿದ ಮಾತನ್ನ ನಾನೇ ವಾಪಸ್ ತಗೊಂಡಿದೀನಿ.”

ಸೊಸೆ ಅವರ ಕಡೆ ತಿರುಗಿದಳು. “ಬೀದಿ ತಿರುವಲ್ಲಿ ನಾನು ಹಿಂದೆ ನೋಡಿದೆ. ನನ್ನ ಮಗು ಎಲ್ಲಿದೆಯೋ ಗೊತ್ತಿಲ್ಲ. ನೀವು ಅಲ್ಲಿ ನಿಂತ್ಕೊಂಡು ಆ ಗುಂಡನ್ನ ಎಬ್ಬಿಸದ ಹಾಗೆ ಚಕ್ರ ಎತ್ತಿ ಇಳಿಸ್ತಿದ್ರಿ. ಪುಟ್ಟಿ ಎಲ್ಲಿದಾಳೋ ನಿಮಗೂ ಗೊತ್ತಿರಲಿಲ್ಲ. ಆದ್ರೂ ಮೆಲ್ಲಗೆ ಇಳಿಸಿದ್ರಿ. ಆಗ ನಿಮ್ಮನ್ನ ಹಿಡಿದು ಕೊಂದುಬಿಡೋಣ ಅನ್ನಿಸ್ತು.”

“ಈಗ?”

ಫೋನು ಮತ್ತೆ ಬಡಿದುಕೊಂಡಿತು. ಸೊಸೆ ಎತ್ತಿದಳು. “ಬೇಡ ಮೇಡಂ, ಬೇರೆಯವರಿಗೆ ಕೊಡಿ. ಮನೇಲೇ ನೋಡ್ಕೊಳ್ಳೋರು ಇದಾರೆ,” ಎಂದಳು. ಇಟ್ಟಳು. ಮೆಷಿನ್ನಿನ ಡ್ರಾಯರು ಎಳೆದು, ಹೊಲಿಗೆ ಬಿಚ್ಚುವ ಕಡ್ಡಿ ತೆಗೆದು ಅತ್ತೆಯ ಕೈಗೆ ಕೊಟ್ಟಳು.

“ಈಗ ಆ ಪರದೆ ಬಿಚ್ಚಿ. ಅವರದ್ದೂ ಬಿಚ್ಚಿ ಬನ್ನಿ.”

ಟೈಲರಮ್ಮ ಬಿಚ್ಚಿದರು. ತ್ರಿಕೋನದ ಜೋಡಿ ಹೊಲಿಗೆ ಸುಲಭಕ್ಕೆ ಬರಲಿಲ್ಲ. ಅಷ್ಟು ಗಟ್ಟಿಯಾಗಿ ಹಾಕಿದ್ದಕ್ಕೆ ತಮ್ಮನ್ನೇ ಬೈದುಕೊಂಡರು. ಆಮೇಲೆ ಕಡ್ಡಿ ಹಿಡಿದು ಕಂಡಕ್ಟರ ಮನೆಗೆ ಹೋದರೆ, ಅಲ್ಲಿ ಅವರು ಗಾಡಿಯ ಹಿಡಿಗೆ ಗುರುತಿಗಾಗಿ ತಮ್ಮ ಹಳೆಯ ಸೀಟಿಯನ್ನು ಕೆಂಪು ದಾರದಲ್ಲಿ ಕಟ್ಟುತ್ತ ಕೂತಿದ್ದರು. ಅವರ ಸೊಸೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಲ್ವಿಚಾರಣೆ ಮಾಡುತ್ತಿದ್ದಳು. ಹೇಳಿಬಿಟ್ಟಿದ್ದಾರೆ ಎಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಸೊಸೆ ಆಫೀಸಿನ ಚೀಲ ಹೆಗಲಿಗೆ ಹಾಕಿಕೊಂಡಳು. ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದು ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಪುಟ್ಟಿಯ ಬೋಳು ತಲೆ, ಕಿವಿ, ಗಲ್ಲ, ಎಲ್ಲವನ್ನೂ ಸಾವಕಾಶವಾಗಿ ನೋಡಿದಳು.

“ನಮ್ಮದೇ,” ಎಂದು ಅತ್ತೆಗೆ ಹೇಳಿ ಹೊರಟಳು.