ಗಂಗಾಳಿಗೆ ಹೇಳಬೇಕಾದ ಮಾತು

ಜನವರಿಯ ಎರಡನೇ ವಾರ ಸಿದ್ದರಾಮೇಶನ ಅಂಗೈಗಳಲ್ಲಿ ಕೆಂಪು ಚುಕ್ಕೆ ಎದ್ದವು. ತುರಿಕೆಯಿಲ್ಲ, ನೋವಿಲ್ಲ. ಭತ್ತ ಕೊಯ್ಯುವ ಮಷೀನಿನ ಸ್ಟೇರಿಂಗ್ ಹಿಡಿದು ಹಿಡಿದು ಹೀಗಾಗಿರಬೇಕು ಅಂದುಕೊಂಡ. ಮರುದಿನ ಬೆಳಿಗ್ಗೆ ಅಂಗಾಲಲ್ಲೂ ಅವೇ ಚುಕ್ಕೆ ಕಂಡಾಗ ಕುಂತಲ್ಲೇ ಬೆವೆತುಬಿಟ್ಟ.

ಅವನ ಊರು ಜವಳಗೇರಾ. ಏಳು ವರ್ಷದಿಂದ ಮಷೀನು ಓಡಿಸುತ್ತಿದ್ದ. ನವೆಂಬರಿನಲ್ಲಿ ಹೊಳೆಯಾಚೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಒಂದು ಕ್ಯಾಂಪಿನಲ್ಲಿ ಇಪ್ಪತ್ತು ದಿನ ಕೊಯ್ಲಿತ್ತು. ಅಲ್ಲಿ ಮಷೀನಿನವರಿಗೆ ಅಡಿಗೆ ಮಾಡಿ ಹಾಕುತ್ತಿದ್ದವಳು ದುರ್ಗಾದೇವಿ. ಗಂಡ ಬಿಟ್ಟುಹೋದವಳು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಗುನಗುತ್ತ ಮಾತಾಡುವವಳು. ಸಿದ್ದರಾಮೇಶ ಎರಡು ಸಲ ಅವಳ ಗುಡಿಸಲಿಗೆ ಹೋಗಿದ್ದ. ಊರಿಗೆ ಬಂದಮೇಲೆ, ತಿಂಗಳ ಕೊನೆಗೆ, ಮರ್ಮಾಂಗದ ಮೇಲೆ ಒಂದು ಹುಣ್ಣಾಯಿತು.

ಗದ್ದೆಯ ಬದುವಿನಲ್ಲಿ ಬುತ್ತಿ ಬಿಚ್ಚಿಟ್ಟು ಫೋನಿನಲ್ಲಿ ಹುಡುಕುತ್ತಿದ್ದ. ಒಂದು ಕಡೆ ಕ್ಯಾನ್ಸರ್ ಅಂದರು, ಇನ್ನೊಂದು ಕಡೆ ಏಡ್ಸ್ ಅಂದರು. ಓದಿದ್ದನ್ನೆಲ್ಲ ಅಳಿಸಿ ಹಾಕಿ, ಐದು ನಿಮಿಷಕ್ಕೆ ಮತ್ತೆ ಅದನ್ನೇ ಹುಡುಕುತ್ತಿದ್ದ. ಸಿಂಧನೂರಿನ ದವಾಖಾನಿಗೆ ಹೋಗುವಂತಿರಲಿಲ್ಲ. ಬಸುರಿ ಹೆಂಡತಿ ಗಂಗಾಳನ್ನು ತೋರಿಸುತ್ತಿದ್ದುದೇ ಅಲ್ಲಿ. ಔಷಧದ ಅಂಗಡಿಗೆ ಹೋದರೆ ಊರಿನವರೊಬ್ಬರಾದರೂ ಎದುರಾಗುತ್ತಿದ್ದರು. ಹಂಗಾಗಿ ಮಸ್ಕಿಗೆ ಹೋದ. ಅಲ್ಲಿ ಬೋರ್ಡಿಲ್ಲದ ಒಂದು ಖೋಲಿಯಲ್ಲಿ ಕುಂತಿದ್ದವನು ಹುಣ್ಣನ್ನು ದೂರದಿಂದಲೇ ನೋಡಿ, "ಗರ್ಮಿ ಆಗೈತಿ ತಮ್ಮಾ. ಮಷೀನಿನ ಕಾವು," ಅಂದು ಒಂದು ಸೂಜಿ ಚುಚ್ಚಿ, ಹಳದಿ ಗುಳಿಗೆ ಕೊಟ್ಟು ಕಳಿಸಿದ.

ಹುಣ್ಣು ಮಾಯಿತು. ಅಲ್ಲಿಯತನಕ ಕೆಮ್ಮಿನ ನೆಪ ಹೇಳಿ ಪಡಸಾಲೆಯಲ್ಲಿ ಮಲಗುತ್ತಿದ್ದವನು ಡಿಸೆಂಬರ್ ಕೊನೆಗೆ ಒಳಗೆ ಹೋಗಿ ಗಂಗಾಳ ಪಕ್ಕ ಮಲಗಿದ.

ಈಗ ಈ ಚುಕ್ಕೆಗಳು.

"ಕೈಗೇನಾತು?" ಅಂದಳು ಗಂಗಾ, ರೊಟ್ಟಿ ಕೊಡುವಾಗ.

"ಗ್ರೀಸ್ ಹತ್ತಿರಬೇಕು."

ಅವಳು ಕೊಬ್ಬರಿ ಎಣ್ಣೆ ತಂದು, ಆರು ತಿಂಗಳ ಹೊಟ್ಟೆ ಹೊತ್ತು ಅವನೆದುರು ಕುಂತು, ಎರಡೂ ಅಂಗೈಗೆ ತಿಕ್ಕಿದಳು. ಮದುವೆಯಾಗಿ ನಾಲ್ಕು ವರ್ಷಕ್ಕೆ ನಿಂತ ಮೊದಲ ಬಸುರು. ಕೈ ಎಳೆದುಕೊಳ್ಳಬೇಕೆಂದರೂ ಅವನಿಂದ ಆಗಲಿಲ್ಲ.

ಆವತ್ತು ಮಧ್ಯಾಹ್ನ ಫೋನಿನಲ್ಲಿ ಇನ್ನೊಂದು ಮಾತು ಓದಿದ: ಇಂಥ ರೋಗ ತಾಯಿಗೆ ಹತ್ತಿದರೆ ಕೂಸು ಹೊಟ್ಟೆಯಲ್ಲೇ ಸಾಯಬಹುದು. ಕಾಲುವೆ ಸೇತುವೆ ಮೇಲೆ ಬೈಕು ನಿಲ್ಲಿಸಿ ಇಳಿದ. ನೀರು ದಂಡೆಯ ಸಮ ಹರಿಯುತ್ತಿತ್ತು. ಜಿಗಿದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಅನ್ನಿಸಿತು. ಆದರೆ ಹೇಳದೆ ಹೋದರೆ ಗಂಗಾಳ ಹೊಟ್ಟೆಯಲ್ಲಿ ಏನು ಬೆಳೆಯುತ್ತಿದೆ ಅಂತ ಅವಳಿಗೆ ತಿಳಿಯುವುದಾದರೂ ಹೇಗೆ? ಕುರಿ ಹೊಡೆದುಕೊಂಡು ಹೊರಟಿದ್ದ ಮುದುಕನೊಬ್ಬ, "ಪೆಟ್ರೋಲ್ ಮುಗೀತೇನಪಾ?" ಅಂದ. ಸಿದ್ದರಾಮೇಶ ಹ್ಞೂಂ ಅಂದ. ಕುರಿಗಳೆಲ್ಲ ದಾಟುವವರೆಗೂ ಕಟ್ಟೆ ಹಿಡಿದು ಅತ್ತ.

ಮರುದಿನ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋದ. ಅಲ್ಲಿ ಅವನನ್ನು ಬಲ್ಲವರಿರಲಿಲ್ಲ. ಸರ್ಕಾರಿ ದವಾಖಾನಿಯ ಚೀಟಿಯಲ್ಲಿ ವೆಂಕೋಬ ಅಂತ ಬರೆಸಿದ. ಆಪ್ತ ಸಮಾಲೋಚಕಿ ಅಮರೇಶ್ವರಿ "ವೆಂಕೋಬ" ಅಂತ ಮೂರು ಸಲ ಕರೆದರೂ ತನ್ನನ್ನೇ ಅನ್ನುವುದು ಹೊಳೆಯದೆ ಕುಂತೇ ಇದ್ದ.

ಬಾಗಿಲು ಹಾಕಿಕೊಂಡು ಅವಳು ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಉತ್ತರ ಕೊಟ್ಟ. ರಕ್ತ ತೆಗೆದರು. ಎರಡು ತಾಸಿನ ಮೇಲೆ ಮತ್ತೆ ಕರೆದಳು.

"ಎಚ್‌ಐವಿ ಇಲ್ಲ. ಆದ್ರೂ ಇನ್ನೊಂದ್ಸಲ ನೋಡಬೇಕು, ಫೆಬ್ರವರಿ ಕಡೀಗೆ ಬರ್ರಿ. ಇನ್ನೊಂದು ಐತಿ, ಸಿಫಿಲಿಸ್. ಅದು ನಿಮಗ ಹತ್ತೈತಿ."

"ಸಾಯ್ತೀನೇನ್ರಿ?"

"ಇಲ್ಲ. ಇವತ್ತೇ ಸೂಜಿ ಹಾಕ್ತಾರ, ವಾಸಿ ಆಗತೈತಿ. ಮನ್ಯಾಗ ಯಾರದಾರ?"

"ಹೆಂಡ್ತಿ ಅದಾಳ್ರಿ. ಆರು ತಿಂಗಳು. ಮದ್ಲ ಎಲ್ಲಾ ಚೆಕ್ ಮಾಡ್ಯಾರ, ಏನಿಲ್ಲ ಅಂತ ತಾಯಿ ಕಾರ್ಡಿನಾಗ ಬರದಾರ."

"ಅದು ನೀವು ಕ್ಯಾಂಪಿಗೆ ಹೋಗೋಕಿಂತ ಮದ್ಲಿಂದು. ಈ ವಾರದಾಗ ಕರ್ಕೊಂಡು ಬರ್ರಿ. ಹೆರಿಗಿ ಹತ್ರ ಬಂದಷ್ಟೂ ಕೂಸಿಗೆ ಕಷ್ಟ."

"ನೀವ ಒಂದು ಗುಳಿಗಿ ಕೊಟ್ಬಿಡ್ರಿ ಮೇಡಂ. ಶಕ್ತಿ ಗುಳಿಗಿ ಅಂತ ಹೇಳಿ ನುಂಗಿಸ್ತೀನಿ. ಕಾಲಿಗೆ ಬೀಳ್ತೀನ್ರಿ."

"ಬಸುರಿಗೆ ಸೂಜೀನ ಆಗಬೇಕು, ವೆಂಕೋಬ ಅವ್ರೇ. ಆಕೀಗೆ ಹೇಳ್ದ ಹಾಕಾಕ ಬರಂಗಿಲ್ಲ."

"ನನ್ನ ಹೆಸರು ಸಿದ್ದರಾಮೇಶ್ರಿ," ಅಂದ ಅವನು.

ಎರಡು ದಿನ ಹೇಳಲಿಕ್ಕೆ ಆಗಲಿಲ್ಲ. ಮೂರನೇ ದಿನ ಮುಂಜಾನೆ ಗಂಗಾ ತೊಗರಿಬೇಳೆ ಹಸನು ಮಾಡುತ್ತಿದ್ದಾಗ ನಿಂತುಕೊಂಡೇ ಎಲ್ಲ ಹೇಳಿದ. ಅವಳ ಕೈ ಮೊರದಲ್ಲಿ ಹಾಗೇ ನಿಂತಿತು. ಮೊರ ಕೆಳಗಿಟ್ಟು ಕೇಳಿದಳು:

"ಅವತ್ತು ಒಳಗ ಬಂದು ಮಲಗಿದ್ಯಲ್ಲ, ಆವಾಗ ನಿಂಗ ಗೊತ್ತಿತ್ತೇನು?"

"ಮಾಯ್ದೈತಿ ಅನ್ಕೊಂಡಿದ್ದೆ."

"ಅನುಮಾನ ಇತ್ತೋ ಇಲ್ಲೋ?"

"ಇತ್ತು."

ಅವಳು ಎದ್ದು ಸೀರೆ ಉಟ್ಟು ಚೀಲದಲ್ಲಿ ತಾಯಿ ಕಾರ್ಡು ಹಾಕಿಕೊಂಡು ಹೊರಟಳು. ಬಸ್ಸಿನಲ್ಲಿ ಅವನ ಪಕ್ಕ ಕೂಡಲಿಲ್ಲ.

ಗಂಗಾಳ ರಕ್ತದಲ್ಲಿ ಏನೂ ಕಾಣಲಿಲ್ಲ. ಅವನು ಗೋಡೆಗೆ ಒರಗಿ ಉಸಿರುಬಿಟ್ಟ. ಆದರೆ ಡಾಕ್ಟರು, ರೋಗ ಹತ್ತಿ ಇನ್ನೂ ಮೂರೇ ವಾರ ಆಗಿದ್ದರೆ ಪರೀಕ್ಷೆಯಲ್ಲಿ ಕಾಣಲಿಕ್ಕಿಲ್ಲ, ಸೂಜಿ ಹಾಕಲೇಬೇಕು ಅಂದರು.

"ನನ್ನ ರಕ್ತದಾಗ ಏನಿಲ್ಲ ಅಂದ್ರೂ ನಾನ ಚುಚ್ಚಿಸ್ಕೋಬೇಕೇನ್ರಿ?" ಅಂದಳು ಗಂಗಾ. ಅಮರೇಶ್ವರಿ ಅವಳ ಕೈ ಹಿಡಿದುಕೊಂಡಳು. ಎರಡೂ ಕುಂಡಿಗೆ ಸೂಜಿ ಚುಚ್ಚಿದಾಗ ಅವಳು ಚೀರಿದ್ದು ಪರದೆಯ ಈಚೆ ನಿಂತಿದ್ದ ಅವನಿಗೆ ಕೇಳಿಸಿತು.

ಅಲ್ಲಿಂದ ಅವಳು ಜವಳಗೇರಾಕ್ಕೆ ಬರಲಿಲ್ಲ. ಗುರುಗುಂಟಾದ ತವರಿಗೆ ಬಸ್ಸು ಹತ್ತಿದಳು. ಚೊಚ್ಚಲ ಬಾಣಂತನಕ್ಕೆ ಬೇಗ ಬಂದಿದ್ದಾಳೆ ಅಂದುಕೊಂಡರು ಮನೆಯವರು. ಅವರಿಗೆ ಅವಳು ಏನೂ ಹೇಳಲಿಲ್ಲ.

ಫೆಬ್ರವರಿ ಕೊನೆಗೆ ಅವನ ಎಚ್‌ಐವಿ ಪರೀಕ್ಷೆ ಮತ್ತೆ ಇಲ್ಲ ಅಂತ ಬಂತು. ಗಂಗಾ ಎರಡನೇ ಸಲ ರಕ್ತ ಕೊಟ್ಟಾಗಲೂ ಏನೂ ಇರಲಿಲ್ಲ. ಏಪ್ರಿಲಿನಲ್ಲಿ ಹೆಣ್ಣು ಕೂಸು ಹುಟ್ಟಿತು, ಆರೋಗ್ಯವಾಗಿತ್ತು. ಅವನು ನೋಡಲು ಹೋದಾಗ ಗಂಗಾ ಕೂಸನ್ನು ತೋರಿಸಿದಳು, ಅವನ ಕೈಗೆ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು:

"ಆ ಕ್ಯಾಂಪಿನ ಹೆಣ್ಮಗಳಿಗೆ ಯಾರರ ಹೇಳ್ಯಾರೇನು?"

ಅವನು ಇಷ್ಟು ದಿನ ದುರ್ಗಾದೇವಿಯನ್ನು ಮನಸ್ಸಿನಲ್ಲೇ ಬೈದಿದ್ದನೇ ಹೊರತು ಅವಳ ಮೈಯ ಗತಿ ಏನು ಅಂತ ಒಂದು ಸಲವೂ ಯೋಚಿಸಿರಲಿಲ್ಲ.

"ನಂಬರ್ ಐತೇನು?"

"ಐತಿ."

"ಹೇಳು."

ಬೇವಿನ ಗಿಡದ ಕೆಳಗೆ ಹೋಗಿ ಫೋನು ಹಚ್ಚಿದ. ಕೊಯ್ಲಿನ ವಿಷಯ ಅಂದುಕೊಂಡು ದುರ್ಗಾದೇವಿ ನಕ್ಕಳು. ಅವನು ತಡವರಿಸುತ್ತ ಎಲ್ಲ ಹೇಳಿ ಮುಗಿಸಿದ.

"ನಂಗೇನೂ ಆಗಿಲ್ಲ ಅನ್ಕೊಂಡಿದ್ದೆ," ಅಂದಳು ಅವಳು. "ಎಲ್ಲಿಗೆ ಹೋಗಬೇಕು?"

ಸರ್ಕಾರಿ ದವಾಖಾನಿ, ಅಲ್ಲಿಯವರು ಹೆಸರು ಯಾರಿಗೂ ಹೇಳಂಗಿಲ್ಲ, ಸೂಜಿ ಹಾಕಿದರೆ ವಾಸಿ ಆಗತೈತಿ ಅಂದ. ಅವಳು ಫೋನಿಟ್ಟಳು.

ಮರಳಿ ಬಂದಾಗ ಗಂಗಾ ಕೂಸಿಗೆ ಹಾಲು ಕುಡಿಸುತ್ತಿದ್ದಳು. "ಹೇಳ್ದೆ," ಅಂದ. ಅವಳು ತಲೆಯೆತ್ತದೆ, "ಬಿಸಿಲಾಗತೈತಿ, ಬಸ್ಸಿಗೆ ಹೋಗು," ಅಂದಳು.