ಕಣ್ಣು ಕಟ್ಟಿ ಹಾಕಿದ ಗಂಟು

ಚಂಡಮಾರುತ ಎದ್ದದ್ದು ಅರಬ್ಬಿ ಸಮುದ್ರದಲ್ಲಿ. ಬೆಣ್ಣಿಹಳ್ಳದ ದಂಡೆಯ ಆ ಊರಿನವರು ಟಿವಿಯಲ್ಲಿ ಬಿಳಿ ಸುಳಿ ತಿರುಗುವುದನ್ನು ನೋಡಿ, ಅದು ಕರಾವಳಿಯವರ ಸುದ್ದಿ ಎಂದುಕೊಂಡು ಉಳ್ಳಾಗಡ್ಡಿ ಕೀಳಲು ಹೋದರು. ಮರುದಿನ ಗಾಳಿ ಬಂತು. ಗುಡಿಯ ಮುಂದಿನ ಬೇವಿನ ಮರವನ್ನು ಉರುಳಿಸಿತು, ದನದ ಕೊಟ್ಟಿಗೆಗಳ ತಗಡುಗಳನ್ನು ಒಯ್ದು ಮೆಣಸಿನಗಿಡದ ಹೊಲದಲ್ಲಿ ಹಾಕಿತು. ಗಾಳಿಯ ಹಿಂದೆಯೇ ಮಳೆ. ಹುಬ್ಬಳ್ಳಿ ಕಡೆ ಬಿದ್ದ ನೀರೂ ಸೇರಿಕೊಂಡು ಹಳ್ಳ ದಂಡೆ ಬಿಟ್ಟಿತು. ಎರೆಹೊಲದ ಮೇಲೆ ಹರಡಿ ಊರಿನ ಕಡೆ ತಿರುಗಿತು.

ನಾಜಮೀನ್ ಆಗ ತವರಿನಲ್ಲಿದ್ದಳು. ಗಂಡನ ಮನೆ ಅಣ್ಣಿಗೇರಿ; ಮಕ್ಕಳಿಬ್ಬರೂ ಅಲ್ಲೇ ಇದ್ದರು. ತಮ್ಮ ರಮಜಾನ್ ಹೆಂಡತಿ ಖುಷ್ಬೂಳನ್ನು ಬೈಕಿನಲ್ಲಿ ಕೂಡಿಸಿಕೊಂಡು, ಆಕೆಯ ತಂಗಿಯ ನಿಶ್ಚಿತಾರ್ಥಕ್ಕೆಂದು ಕುಂದಗೋಳಕ್ಕೆ ಹೋಗಿದ್ದ. ತಾಯಿ ಜಮಾಲಬಿಗೆ ಎರಡು ರೊಟ್ಟಿ ಬಡಿದು ಹಾಕಲೆಂದು ನಾಜಮೀನ್ ಬಂದಿದ್ದಳು. ಈಗ ಸೇತುವೆ ಮುಳುಗಿ ಅವರು ಆ ದಂಡೆಯಲ್ಲಿ, ಇವರು ಈ ದಂಡೆಯಲ್ಲಿ ಉಳಿದಿದ್ದರು.

ಜಮಾಲಬಿ ಜಮಖಾನೆ ನೇಯುವವಳು. ಆಕೆಯ ಅತ್ತೆ ನವಲಗುಂದದಿಂದ ಈ ಊರಿಗೆ ಬಂದಾಗ ಮಗ್ಗವನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದಳು. ಮಗ್ಗದ ಜೊತೆ ಮನೆತನದ ಒಂದು ಪದ್ಧತಿಯೂ ಬಂದಿತ್ತು: ಕಸುಬು ಸೊಸೆಗೆ, ಮಗಳಿಗಲ್ಲ. ಮಗಳು ಇನ್ನೊಂದು ಮನೆಗೆ ಹೋಗುವವಳು; ಕಲಿಸಿದರೆ ಕಸುಬೂ ಆಕೆಯ ಹಿಂದೆ ಹೋಗುತ್ತದೆ. ಹೀಗಾಗಿ ನಾಜಮೀನ್ ಮಗ್ಗದ ಕೋಣೆಯ ಬಾಗಿಲನ್ನು ಹೊರಗಿನಿಂದಷ್ಟೇ ಬಲ್ಲವಳು. ಒಳಗೆ ನೂಲನ್ನು ಬಡಿದು ಕೂಡಿಸುವ ಕಬ್ಬಿಣದ ಪಂಜಾದ ಸದ್ದು ಕೇಳುತ್ತ ಅಂಗಳದಲ್ಲಿ ಪಾತ್ರೆ ತಿಕ್ಕಿದಳು, ಶಾಲೆಯ ಪಾಠ ಬಾಯಿಪಾಠ ಮಾಡಿದಳು, ಮದುವೆಯಾಗಿ ಹೋದಳು. ಖುಷ್ಬೂ ಮಾತ್ರ ನಿಕಾ ಆಗಿ ಬಂದ ವಾರದೊಳಗೆ ಅದೇ ಬಾಗಿಲ ಒಳಗೆ ಕುಳಿತಿದ್ದಳು.

ಬೆಳಗ್ಗೆ ಬಾಜೂಮನೆಯ ಈರಪ್ಪ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಓಣಿಯವರನ್ನು ಟ್ರೇಲರಿಗೆ ಹತ್ತಿಸಿ ದಿಬ್ಬದ ಮೇಲಿನ ಹೈಸ್ಕೂಲಿಗೆ ಸಾಗಿಸುತ್ತಿದ್ದ.

"ಜಮಾಲಕ್ಕಾ, ಹತ್ರಿ ಲಗೂನ. ನೀರು ಗುಡಿ ಮುಂದ ಬಂದೈತಿ."

"ಮುಂದಿನ ಟ್ರಿಪ್ಪಿಗೆ ಬರ್ತೀನಪಾ. ಮಗ್ಗದ ಕೆಲಸ ಐತಿ."

"ಮಗ್ಗದ ಜೋಡಿ ನಿಕಾ ಆಗೇತೇನ್ರಿ?"

"ಆಗೇತಿ. ನಿನ್ನ ಊಟಕ್ಕ ಕರೀಲಿಲ್ಲಂತ ಸಿಟ್ಟೇನು?"

ಟ್ರೇಲರಿನಲ್ಲಿದ್ದವರು ನಕ್ಕರು. ಈರಪ್ಪ ನಗಲಿಲ್ಲ. "ಇನ್ನೊಂದ ಟ್ರಿಪ್ಪು ಐತ್ರಿ. ಅದರ ಮ್ಯಾಲ ಇಲ್ಲ. ಡೀಸೆಲ್ ಇರತೈತಿ, ರಸ್ತಾ ಇರೂದಿಲ್ಲ" ಎಂದು ಗೇರು ಹಾಕಿದ.

ನೀರು ಆ ಮನೆಗೆ ಬಾಗಿಲಿನಿಂದ ಬರಲಿಲ್ಲ. ಮಗ್ಗದ ಕೆಳಗಿನ ತೊಲೆ ಕೂಡಿಸಿದ್ದ ತಗ್ಗಿನಲ್ಲಿ, ನೆಲದೊಳಗಿನಿಂದಲೇ ಜಿನುಗಿತು. ನಾಜಮೀನ್ ಬುತ್ತಿ ಕಟ್ಟಿಕೊಂಡು ಬಂದು ಕೋಣೆಯ ಹೊಸ್ತಿಲ ಮೇಲೆ ನಿಂತಾಗ ತಗ್ಗು ಅರ್ಧ ತುಂಬಿತ್ತು. ಮಗ್ಗದ ಮೇಲೆ ಅರ್ಧ ನೇಯ್ದ ಜಮಖಾನೆ: ಕೆಂಪು ನೆಲ, ಹಳದಿ ಅಂಚು, ಎರಡು ನವಿಲುಗಳ ಕಾಲು ಮತ್ತು ಹೊಟ್ಟೆ. ಕುತ್ತಿಗೆ ಇನ್ನೂ ಆಗಬೇಕಿತ್ತು.

ಮನೆಮಾತು ಉರ್ದು. ಜಗಳಕ್ಕೆ ಮಾತ್ರ ತಾಯಿ ಮಗಳು ಕನ್ನಡಕ್ಕೆ ಬರುತ್ತಿದ್ದರು.

"ಅಮ್ಮಾ, ಏಳ ಬೇ."

"ಇದನ್ನ ಬಿಟ್ಟು ಬರೂದಿಲ್ಲ."

"ಹಂಗಾರ ಕತ್ತರಿಸಿ ತಗೋ."

"ಬರೇ ಕತ್ತರಿಸಿದರ ಬಿಚ್ಚಿ ಹೋಗತೈತಿ. ಕತ್ತರಿಸಿಕೋತ, ಕತ್ತರಿಸಿಕೋತ ಗಂಟು ಹಾಕಬೇಕು. ಈ ತುದಿಗೊಬ್ರು, ಆ ತುದಿಗೊಬ್ರು. ಒಬ್ಬಾಕಿ ಮಾಡಿದರ ಮಧ್ಯಾಹ್ನ ಆಗತೈತಿ. ಖುಷ್ಬೂ ಇದ್ದಿದ್ದರ..."

"ನಾ ಇದ್ದೀನಲ್ಲ."

ಜಮಾಲಬಿ ಪಂಜಾ ಎತ್ತಿಕೊಂಡು, ನೀರಿನಲ್ಲಿ ಕಾಲು ಬಿಟ್ಟುಕೊಂಡೇ ನೇಯತೊಡಗಿದಳು.

ನಾಜಮೀನ್ ಬುತ್ತಿಯನ್ನು ಗೂಟಕ್ಕೆ ತೂಗುಹಾಕಿ ಹೊಸ್ತಿಲ ಮೇಲೆ ಕುಳಿತಳು. "ಆತು. ನೀ ಏಳೂತನಕಾ ನಾನೂ ಏಳೂದಿಲ್ಲ. ಇಬ್ರೂ ಕೂಡೇ ಹಳ್ಳಕ್ಕ ಹೋಗೂಣು. ಅಣ್ಣಿಗೇರಿಯವರು ಕೇಳಿದರ ಹೇಳಾಕ ಈರಪ್ಪಕಾಕಾ ಅದಾನ."

"ನಿನಗ ಎರಡು ಮಕ್ಕಳದಾವ ಬೇ!"

"ನಿನಗೂ ಎರಡದಾವ."

ಪಂಜಾದ ಸದ್ದು ನಿಂತಿತು. ಹಿಂದಿನ ಗೋಡೆಯಿಂದ ಮಣ್ಣಿನ ಹೆಂಟೆಯೊಂದು ಕಳಚಿ ನೀರಿಗೆ ಬಿತ್ತು. ಜಮಾಲಬಿ ಅದನ್ನು ನೋಡಿದಳು, ಮಗಳನ್ನು ನೋಡಿದಳು. ಎದ್ದು ಬಂದು ಮಗಳ ಹೆಗಲ ಮೇಲಿನ ಓಢಣಿ ಎಳೆದು ಅವಳ ಕಣ್ಣಿಗೇ ಬಿಗಿಯಾಗಿ ಕಟ್ಟಿದಳು.

"ಇದೇನಬೇ?"

"ನೋಡೂದು ಬ್ಯಾಡ. ಕತ್ತರಿ ನಾ ಹಾಕ್ತೀನಿ. ನಿನ್ನ ಕೈಯಾಗ ಕುಚ್ಚು ಕೊಡ್ತೀನಿ. ನೀ ಬರೇ ಗಂಟು ಹಾಕು."

ಮಗ್ಗದ ಬಲತುದಿಯಲ್ಲಿ ನಾಜಮೀನ್ ಕುಳಿತಳು; ಎಡತುದಿಯಲ್ಲಿ ತನ್ನ ಗಂಟು ಹಾಕುತ್ತ, ಜಮಾಲಬಿ ಆಗಾಗ ಬಲಕ್ಕೆ ಬಾಗಿ ಇವಳ ಕಡೆಯ ದಾರ ಕತ್ತರಿಸಿ ಕೊಡುತ್ತಿದ್ದಳು. ನೀರು ಮೀನಖಂಡಕ್ಕೆ ಬಂದಿತ್ತು. ಕಾಣಲಿಲ್ಲ, ತಣ್ಣಗೆ ಏರುವುದು ಗೊತ್ತಾಗುತ್ತಿತ್ತು. ಕತ್ತರಿಯ ಸಪ್ಪಳವಾದೊಡನೆ ಒಂದು ಕುಚ್ಚು ದಾರ ಕೈಗೆ ಬರುತ್ತಿತ್ತು. ಅದನ್ನು ನೇಯ್ಗೆಯ ಅಂಚಿಗೆ ಒತ್ತಿ, ಕಾಳಿನ ಚೀಲದ ಬಾಯಿ ಕಟ್ಟಿದ ಹಾಗೆ ಎಳೆದು ಕಟ್ಟಿದಳು. ಮೊದಮೊದಲು ಬರೀ ಗಂಟು ಹಾಕಿದಳು. ಆಮೇಲೆ, ಕಣ್ಣಿಗೆ ಕೆಲಸವಿಲ್ಲದ್ದರಿಂದಲೋ ಏನೋ, ಬೆರಳುಗಳು ತಾವೇ ನೋಡಹತ್ತಿದವು. ಇಲ್ಲಿ ನೂಲು ತಿರುವಿಕೊಂಡಿದೆ. ಒಂದು ಬಣ್ಣ ಮುಗಿದು ಇನ್ನೊಂದು ಬಣ್ಣ ಇಲ್ಲಿ ಕೈ ಹಿಡಿದಿರಬೇಕು. ಇದು ನವಿಲಿನ ಬೆನ್ನು. ಕೇಳಬೇಕೆನಿಸಿತು. ಕೇಳಲಿಲ್ಲ.

ನಡುವೆ ಒಂದು ಕಡೆ ಇಬ್ಬರ ಕೈ ತಾಗಿದವು. ಕೆಲಸ ಮುಗಿದಿತ್ತು. ಹೊರಗೆ ಈರಪ್ಪ ಹಾರ್ನ್ ಒತ್ತುತ್ತಿದ್ದ. ಜಮಖಾನೆ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು, ಸೊಂಟದ ತನಕದ ನೀರಿನಲ್ಲಿ ತಾಯಿಯ ರಟ್ಟೆ ಹಿಡಿದು ನಾಜಮೀನ್ ಟ್ರೇಲರ್ ಹತ್ತಿದಳು. ಬುತ್ತಿ ಗೂಟದಲ್ಲೇ ಉಳಿಯಿತು.

ಹೈಸ್ಕೂಲಿನಲ್ಲಿ ಎಂಟನೆಯ ತರಗತಿಯ ಕೋಣೆ ಅವರ ಓಣಿಗೆ ಬಂತು. ಊಟ ಬಿಸಿಯೂಟದ ಪಾತ್ರೆಗಳಲ್ಲೇ ಬೇಯುತ್ತಿತ್ತು. ಜಮಾಲಬಿ ಜಮಖಾನೆಯನ್ನು ಬೆಂಚುಗಳ ಮೇಲೆ ಹರವಿ ಒಣಹಾಕಿದಳು. ಗಂಟುಗಳ ಸಾಲನ್ನು ಒಳಗೆ ಮಡಚಿಟ್ಟಳು.

"ಖುಷ್ಬೂಗ ಹೇಳಬ್ಯಾಡ" ಎಂದಳು ಮಗಳಿಗೆ. "ನಾ ಒಬ್ಬಾಕೀನ ಹಾಕೇನಿ."

"ಹೇಳಿದರ ಏನಾಗತೈತಿ?"

"ಈ ಮನ್ಯಾಗ ಆಕಿದು ಅಂತ ಈ ಕಸಬೊಂದ ಐತಿ. ಅದನ್ನೂ ನಿನಗ ಕೊಟ್ಟರ ಆಕಿ ಏನಂದಾಳು?"

ನಾಜಮೀನ್ ಇದನ್ನು ಯೋಚಿಸಿರಲಿಲ್ಲ. ಇಷ್ಟು ವರ್ಷ ಆಕೆ ಬಾಗಿಲ ಹೊರಗೆ ಉಳಿದ ತನ್ನ ಲೆಕ್ಕವನ್ನಷ್ಟೇ ಇಟ್ಟಿದ್ದಳು.

ನೀರು ಇಳಿದ ಮೇಲೆ, ಸೇತುವೆ ಇನ್ನೂ ತೆರೆಯದ್ದರಿಂದ ರಮಜಾನ್ ಮತ್ತು ಖುಷ್ಬೂ ಗದಗ ರಸ್ತೆ ಸುತ್ತಿ ಹೈಸ್ಕೂಲಿಗೆ ಬಂದರು. ಖುಷ್ಬೂ ಅತ್ತೆಯ ಕೈಕಾಲು ಮುಟ್ಟಿ ನೋಡಿದಳು. ಆಮೇಲೆ ನೆಟ್ಟಗೆ ಬೆಂಚಿನ ಹತ್ತಿರ ಹೋಗಿ ಜಮಖಾನೆಯ ಮಡಿಕೆ ಬಿಚ್ಚಿದಳು. ಎಡಗಡೆಯ ಗಂಟುಗಳು ಸಣ್ಣವು, ಚಪ್ಪಟೆ. ನಡುವಿನಿಂದ ಬಲಕ್ಕೆ ಕಡಲೆಕಾಳಿನಂಥವು.

"ಯಾರು ಹಾಕಿದ್ದು, ಅತ್ತಿ?"

"ನಾ."

"ಎಲ್ಲಾ?"

"ಎಲ್ಲಾ. ನೀರು ಬಂದಿತ್ತು, ಗಡಿಬಿಡಿ."

ಖುಷ್ಬೂ ನಾಜಮೀನಳ ಕೈ ನೋಡಿದಳು. ಬಲಗೈಯ ತೋರುಬೆರಳಿನ ಮೇಲೆ ದಾರ ಕೊಯ್ದ ಗೀರು ಇನ್ನೂ ಕೆಂಪಗಿತ್ತು. "ಆಪಾ, ಚಾ ಕುಡದ್ಯಾ?" ಎಂದು ನಾದಿನಿಯನ್ನು ಕೇಳಿ ಮಡಿಕೆಯನ್ನು ಮೊದಲಿನಂತೆಯೇ ಮುಚ್ಚಿದಳು.

ಮನೆಗೆ ಮರಳಿದಾಗ ಮಗ್ಗದ ಕೋಣೆಯ ಹಿಂದಿನ ಗೋಡೆ ಇರಲಿಲ್ಲ. ಅದು ಒಳಕ್ಕೆ ಬಿದ್ದು, ಜಮಾಲಬಿ ಕೂರುತ್ತಿದ್ದ ಜಾಗದಲ್ಲಿ ಎದೆಮಟ್ಟದ ಮಣ್ಣು ನಿಂತಿತ್ತು. ಈರಪ್ಪ ಮತ್ತು ರಮಜಾನ್ ಮಣ್ಣು ಸರಿಸಿ ತೊಲೆಗಳನ್ನು ಹೊರತೆಗೆದರು, ತೊಳೆದು ಪಡಸಾಲೆಯಲ್ಲಿ ಮಗ್ಗ ನಿಲ್ಲಿಸಿದರು. ಅಲ್ಲಿ ಬಾಗಿಲಿಲ್ಲ, ಜಮಾಲಬಿ ಹಳೆಯ ಸೀರೆಯೊಂದನ್ನು ಪರದೆಯಾಗಿ ಕಟ್ಟಿ, ಸೊಸೆಯನ್ನು ಕರೆದುಕೊಂಡು ಅದರ ಹಿಂದೆ ಕುಳಿತಳು. ನೇಯ್ಗೆ ಮುಂದುವರಿಸಲು ಗಂಟು ಬಿಚ್ಚಿ, ಹಳೆಯ ದಾರಕ್ಕೆ ಹೊಸ ದಾರ ಕೂಡಿಸುವ ಕೆಲಸ.

ನಾಜಮೀನ್ ಬ್ಯಾಗು ತುಂಬಿಕೊಂಡು ಅಂಗಳದ ಕಟ್ಟೆಯ ಮೇಲೆ ಅಣ್ಣಿಗೇರಿ ಬಸ್ಸು ಕಾಯುತ್ತಿದ್ದಳು. ಪರದೆ ಸರಿಯಿತು.

"ಆಪಾ, ಒಳಗ ಬಾ" ಎಂದಳು ಖುಷ್ಬೂ. "ನೀ ಹಾಕಿದ ಗಂಟು ನೀನ ಬಿಚ್ಚು. ನನ್ನ ಉಗುರು ಕಿತ್ತ ಹೊಂಟಾವ."

ನಾಜಮೀನ್ ತಾಯಿಯ ಮುಖ ನೋಡಿದಳು. ಜಮಾಲಬಿ ಪಂಜಾದ ಹಲ್ಲಿನಲ್ಲಿ ಸಿಕ್ಕಿದ್ದ ಮಣ್ಣು ಕೆರೆಯುತ್ತಿದ್ದಳು, ತಲೆ ಎತ್ತಲಿಲ್ಲ. ನಾಜಮೀನ್ ಒಳಗೆ ಹೋಗಿ ಬಲತುದಿಯಲ್ಲಿ ಕುಳಿತು, ಓಢಣಿ ತೆಗೆದು ಕಣ್ಣಿಗೆ ಕಟ್ಟಿಕೊಳ್ಳಹೋದಳು.

"ಇರಲಿ, ತಗಿ ಅದನ್ನ" ಎಂದಳು ಜಮಾಲಬಿ. "ಕಣ್ಣ ಕಟ್ಟಿ ಹಾಕಿದ್ದು ಎಷ್ಟ ಚಂದ ಆಗೇತಿ ಅಂತ ನೋಡೇನಲ್ಲ."

ಖುಷ್ಬೂ ನಗು ತಡೆಯಲಾರದೆ ಆಚೆ ಮುಖ ತಿರುಗಿಸಿದಳು. ಬಸ್ಸು ಹಾರ್ನ್ ಹಾಕಿ, ತುಸು ಹೊತ್ತು ನಿಂತು, ಹೋಯಿತು. ನಾಜಮೀನ್ ಮೊದಲ ಗಂಟಿಗೆ ಉಗುರು ಹಾಕಿದಳು. ಅದು ಬಹಳ ಬಿಗಿಯಾಗಿತ್ತು.