ಜೋಕಿಮ್ ಎಣಿಸುತ್ತಿದ್ದದ್ದು

ಇಪ್ಪತ್ತೆರಡು ವರ್ಷಗಳ ಸಂಸಾರದಲ್ಲಿ ಸಂಜೆಯ ಪ್ರಾರ್ಥನೆಗೆ ಕೂತೊಡನೆ ತೂಕಡಿಸುತ್ತಿದ್ದ ಜೋಕಿಮ್, ಈಗ ಎರಡು ತಿಂಗಳಿಂದ ಜಪಮಾಲೆ ಬಿಟ್ಟಿರಲಿಲ್ಲ. ಕಾರು ಸಿಗ್ನಲ್ಲಿನಲ್ಲಿ ನಿಂತರೆ ಮಣಿ, ಬಾಲ್ಕನಿಯಲ್ಲಿ ನಿಂತರೆ ಮಣಿ. ಹೆಂಡತಿ ಲೂರ್ಡ್ಸ್‌ಗೆ ಇದರಿಂದ ಸಂತೋಷವಾಗಬೇಕಿತ್ತು, ಆದರೆ ಬಂದದ್ದು ಅನುಮಾನ. ಪಾಪನಿವೇದನೆ ಕೇಳಿದ ಪಾದ್ರಿಗಳು ಇಷ್ಟು ಜಪದ ಪ್ರಾಯಶ್ಚಿತ್ತ ಕೊಡಬೇಕಾದರೆ ಈ ಮಹಾರಾಯ ಮಾಡಿದ ಪಾಪ ಎಂಥದ್ದು?

ಕೊಲ್ಲಿ ದೇಶದ ವಾರದ ರಜೆಯಾದ ಶುಕ್ರವಾರ ಪೂಜೆ ಮುಗಿಸಿ ಹೊರಬರುವಾಗ ಚರ್ಚಿನ ಗಾಯನವೃಂದದ ಜೋಯ್ಸ್ ಸಿಕ್ಕಿದಳು.

"ಜೋಕಿಮ್ ಪ್ರಾಕ್ಟೀಸಿಗೆ ಬರದೆ ಎರಡು ತಿಂಗಳಾಯ್ತಲ್ಲ, ಹುಷಾರುಂಟಲ್ಲ?"

ಪ್ರತಿ ಶನಿವಾರ ಮಧ್ಯಾಹ್ನ "ಚರ್ಚಿನ ಪ್ರಾಕ್ಟೀಸು" ಎಂದು ಹೊರಡುತ್ತಿದ್ದವನು, ಬಂದೊಡನೆ ಎಲ್ಲಿಗೆ ಹೋಗಿದ್ದದ್ದೆಂದು ಅವಳು ಕೇಳಿದರೂ ಅದನ್ನೇ ಹೇಳುತ್ತಿದ್ದವನು, ಮತ್ತೆಲ್ಲಿಗೆ ಹೋಗುತ್ತಿದ್ದ? ಮನೆಗೆ ಬಂದು ನೋಡಿದರೆ ಅವನು ಚರ್ಚಿನಲ್ಲಿ ಬಾರಿಸುವ ವಯಲಿನಿನ ಪೆಟ್ಟಿಗೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು. ಇನ್ನೊಬ್ಬಳಿದ್ದಾಳೆ, ಅನುಮಾನವೇ ಇಲ್ಲ.

ಮರುದಿನ ತಾನು ನರ್ಸಾಗಿದ್ದ ಆಸ್ಪತ್ರೆಗೆ ರಜೆ ಹಾಕಿ, ಮನೆಯಿದ್ದ ಹವಲ್ಲಿಯಿಂದಲೇ ಟ್ಯಾಕ್ಸಿಯಲ್ಲಿ ಗಂಡನ ಕಾರಿನ ಬೆನ್ನು ಹತ್ತಿದಳು. ಅದು ಫಿಂಟಾಸಿನ ಕಡಲಬದಿಯ ಒಂದು ಸಭಾಂಗಣದ ಮುಂದೆ ನಿಂತಿತು. ಬಾಗಿಲಿನ ಕಾಗದದಲ್ಲಿ, ಎಸ್ಟೋನಿಯಾ ಮತ್ತು ಪೋಲೆಂಡಿನ ಇಪ್ಪತ್ತನೇ ಶತಮಾನದ ವಾದ್ಯವೃಂದ ಸಂಗೀತದ ತಾಲೀಮು ಎಂದಿತ್ತು. ನೆಪಕ್ಕೆ ಏನು ಬೇಕಾದರೂ ಅಂಟಿಸಬಹುದು ಎಂದುಕೊಂಡಳು ಲೂರ್ಡ್ಸ್.

ಒಳಗಿನಿಂದ ಒಮ್ಮೆಲೇ ಚೀತ್ಕಾರ ಎದ್ದಿತು. ಇಪ್ಪತ್ತು ವಯಲಿನ್‌ಗಳು ಸೈರನ್ನಿನ ಹಾಗೆ ಒಟ್ಟಿಗೆ ಕಿರುಚಿದವು. ಪೋಲೆಂಡಿನವರು ಯುದ್ಧ ಕಂಡ ಜನ, ಅವರ ಸಂಗೀತವೂ ಹಾಗೇ ಇರಬೇಕು. ಅದು ನಿಂತ ಮೇಲೆ ಇನ್ನೊಂದು ಕೃತಿ ಶುರುವಾಯಿತು. ಒಮ್ಮೆ ಗಂಟೆ ಬಾರಿಸಿದ ಶಬ್ದ, ಆಮೇಲೆ ಬಹಳ ಹೊತ್ತು ಮೆಲ್ಲನೆ ಕೆಳಗಿಳಿಯುವ ತಂತಿಗಳು.

ಲೂರ್ಡ್ಸ್ ಬಾಗಿಲು ತಳ್ಳಿದಳು. ಮುಂದೆ ಬಂಗಾರದ ಕೂದಲಿನ ಹೆಂಗಸೊಬ್ಬಳು ವಾದ್ಯವೃಂದವನ್ನು ನಡೆಸುತ್ತ ಕೋಲು ಬೀಸುತ್ತಿದ್ದಳು. ಹಿಂದೆ ತೂಗುಹಾಕಿದ ಕೊಳವೆ ಗಂಟೆಯ ಬಳಿ ಜೋಕಿಮ್, ಬಲಗೈಯಲ್ಲಿ ಸುತ್ತಿಗೆ, ಎಡಗೈ ಜೇಬಿನಲ್ಲಿ, ತುಟಿಯಲ್ಲಿ ಎಣಿಕೆ. ಆ ಹೆಂಗಸು ಅವನತ್ತ ನೋಡಿ ನಸುನಕ್ಕಳು.

"ಜೋಕಿಮ್!"

ಅವನ ಎಣಿಕೆ ತಪ್ಪಿತು. ಗಂಟೆ ಬಾರಿಸಲೇ ಇಲ್ಲ. ವಯಲಿನ್‌ಗಳು ಒಂದೊಂದಾಗಿ ನಿಂತವು, ಎಲ್ಲರೂ ಲೂರ್ಡ್ಸ್‌ಳನ್ನು ತಿರುಗಿ ನೋಡಿದರು. ಬಂಗಾರದ ಕೂದಲಿನವಳು ಐದು ನಿಮಿಷ ಬಿಡುವು ಕೊಟ್ಟಳು.

"ಇದು ಎಸ್ಟೋನಿಯಾದವರದ್ದು," ಎಂದ ಜೋಕಿಮ್ ಹೊರಗೆ ಬಂದು. "ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಎಷ್ಟೊಂದು ಎಣಿಸ್ಲಿಕ್ಕುಂಟು. ಅದಕ್ಕೇ ಮಣಿ."

ಲೂರ್ಡ್ಸ್‌ಗೆ ನಗುವೂ ಅಳುವೂ ಒಟ್ಟಿಗೆ ಬಂತು. ಆದರೂ ಅನುಮಾನ ಅಷ್ಟು ಸುಲಭಕ್ಕೆ ಬಿಡುವ ರೋಗವಲ್ಲ.

"ವಯಲಿನ್ ಬಾರಿಸುವವನಿಗೆ ಗಂಟೆ ಎಂತಕ್ಕೆ?"

ಜೋಕಿಮ್ ಎಡಗೈಯನ್ನು ಜೇಬಿನಿಂದ ತೆಗೆದು ಅವಳ ಅಂಗೈಯ ಮೇಲಿಟ್ಟ. ಅದು ತನ್ನಷ್ಟಕ್ಕೆ ನಡುಗುತ್ತಿತ್ತು. ಅಂಥ ಕೈಗಳನ್ನು ದಿನವೂ ವಾರ್ಡಿನಲ್ಲಿ ಹಿಡಿಯುವ ಲೂರ್ಡ್ಸ್‌ಗೆ ರೋಗದ ಹೆಸರನ್ನು ಯಾರೂ ಹೇಳಬೇಕಾಗಿರಲಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ ಮಾರಾಯಾ?"

"ಹೇಳುವಾ ಅಂತ ಬಂದಾಗೆಲ್ಲ, ಎಲ್ಲಿಗೆ ಹೋಗಿದ್ದದ್ದು ಅಂತ ನೀನೇ ಮೊದಲು ಕೇಳ್ತಿದ್ದಿ."